ಮೊದಲು ಶಬ್ದ, ಆಮೇಲೆ ದೆವ್ವ: ನಿಂತುಹೋಗಿದ್ದ ಹಾರರ್ ಸ್ಕ್ರಿಪ್ಟ್ ಮುಗಿಸಿದ ನನ್ನ ಅನುಭವ

ಕಡಿಮೆ ಬಜೆಟ್ಟಿನ ಹಾರರ್ ಬರೆಯುವವರಿಗೆ ಪೆನ್ನು ಎಲ್ಲಿ ನಿಲ್ಲುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ದಾಟುತ್ತಿದ್ದಂತೆ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಬಾಗಿಲು ತಾನಾಗಿ ತೆರೆದುಕೊಂಡಿರುತ್ತದೆ, ದೀಪ ಆರಿ ಹತ್ತಿರುತ್ತದೆ, ಕನ್ನಡಿಯಲ್ಲಿ ನೆರಳು ಹಾದುಹೋಗಿರುತ್ತದೆ. ಇನ್ನು ದೆವ್ವ ಬರಲೇಬೇಕು, ಬಂದರೆ ಮೇಕಪ್ಪಿಗೂ ಗ್ರಾಫಿಕ್ಸಿಗೂ ದುಡ್ಡಿಲ್ಲ. ನಾನು ಸುಮಾರು ನಲವತ್ತೈದನೇ ಪುಟದಲ್ಲಿ ನಿಂತವನು ಹೆಚ್ಚುಕಡಿಮೆ ಅರ್ಧ ವರ್ಷ ಅಲ್ಲೇ ಇದ್ದೆ.

ಆ ಅವಧಿಯಲ್ಲಿ ದುಡ್ಡು ಹೋದ ದಾರಿಗಳನ್ನು ಹೇಳಿಬಿಡುತ್ತೇನೆ. ಏಕಾಂತ ಸಿಕ್ಕರೆ ಬರವಣಿಗೆ ಬರುತ್ತದೆಂದು ಚಿತ್ರತಂಡದವರು ದೂರದಲ್ಲೊಂದು ಕೋಣೆ ಹಿಡಿದುಕೊಟ್ಟರು. ಅಲ್ಲಿ ಚೆನ್ನಾಗಿ ನಿದ್ದೆ ಬಂತು, ಅಷ್ಟೆ. ಆಮೇಲೆ ಸಹಲೇಖಕರೊಬ್ಬರಿಗೆ ಮುಂಗಡ ಕೊಟ್ಟರು. ಅವರು ತಂದ ಮೂರು ಕ್ಲೈಮ್ಯಾಕ್ಸುಗಳಲ್ಲಿ ಮೂರಕ್ಕೂ ಬೆಂಕಿ ಹತ್ತಿದ ಮನೆ ಬೇಕಿತ್ತು. ಎಲ್ಲಕ್ಕಿಂತ ದುಬಾರಿಯಾದದ್ದು ಮುಖವಾಡ. ದೆವ್ವದ ಮುಖ ಕಣ್ಣೆದುರಿಗಿದ್ದರೆ ದೃಶ್ಯ ತಾನಾಗಿ ಹುಟ್ಟುತ್ತದೆಂದು ನಿರ್ದೇಶಕರು ಅದನ್ನು ಮೊದಲೇ ಮಾಡಿಸಿಟ್ಟರು. ಅದು ಬಂದ ಮೇಲೆ ಪ್ರತಿ ದೃಶ್ಯದಲ್ಲೂ ಅದನ್ನು ಎಲ್ಲಿ ತೂರಿಸುವುದು ಎಂಬುದೇ ಚಿಂತೆಯಾಯಿತು, ಬರವಣಿಗೆ ಇನ್ನಷ್ಟು ಬಿಗಿದುಕೊಂಡಿತು. ಇವೆಲ್ಲ ಸೇರಿದರೆ ರಾತ್ರಿ ಶೂಟಿಂಗಿನ ಎರಡು ಮೂರು ಕಾಲ್‌ಶೀಟಿನ, ಅಂದರೆ ಪಾಳಿಗಳ, ಖರ್ಚು. ಒಟ್ಟು ಬಜೆಟ್ಟಿನ ಇಪ್ಪತ್ತರಲ್ಲಿ ಒಂದು ಪಾಲು ಇದ್ದೀತು. ಚಿಕ್ಕ ಚಿತ್ರಕ್ಕೆ ಅದು ಚಿಕ್ಕ ಮೊತ್ತವಲ್ಲ.

ಲೊಕೇಶನ್ ಮಾತ್ರ ಖಚಿತವಾಗಿತ್ತು, ಖಾಲಿ ಬಿದ್ದಿದ್ದ ಹಳೆಯ ಮಹಡಿ ಮನೆ. ನಾನು ಸ್ಕ್ರಿಪ್ಟನ್ನು ಪಕ್ಕಕ್ಕಿಟ್ಟು, ಮೊಬೈಲಿನ ರೆಕಾರ್ಡರ್ ಹಾಕಿಕೊಂಡು, ರಾತ್ರಿ ಆ ಮನೆಯ ಒಂದೊಂದು ಕೋಣೆಯಲ್ಲೂ ದೀಪವಿಲ್ಲದೆ ಕುಳಿತೆ. ಕಥೆಯನ್ನು ಯೋಚಿಸಬಾರದು, ಕೇಳಿದ್ದನ್ನಷ್ಟೇ ಬರೆಯಬೇಕು ಎಂಬ ಕಟ್ಟುಪಾಡು ಹಾಕಿಕೊಂಡೆ. ಬೆಳಿಗ್ಗೆ ಕೇಳುತ್ತ ಪುಟವನ್ನು ಎರಡು ಪಾಲು ಮಾಡಿದೆ. ಎಡಗಡೆ ಶಬ್ದ. ಬಲಗಡೆ, ಈ ಶಬ್ದ ಮಾಡಲು ಮನೆಯಲ್ಲಿ ಯಾರು ಎಲ್ಲಿರಬೇಕು ಎಂಬ ವಿವರ. ಎಡಗಡೆ ಇದ್ದು ಬಲಗಡೆ ಯಾರೂ ಇಲ್ಲದ ಸಾಲು ಸಿಕ್ಕರೆ ಅದೇ ದೃಶ್ಯ.

ಒಂದನ್ನು ಬಿಡಿಸಿ ತೋರಿಸುತ್ತೇನೆ. ಆ ಮನೆಯ ಹಿಂಬಾಗಿಲು ಕೀಲು ಸಡಿಲವಾಗಿ ಜೋತುಬಿದ್ದಿತ್ತು. ಸುಮ್ಮನೆ ತಳ್ಳಿದರೆ ನೆಲಕ್ಕೆ ಉಜ್ಜಿ ಕರಕರ ಎನ್ನುತ್ತದೆ. ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿ ತಳ್ಳಿದರೆ ‘ಟಕ್’ ಎಂದು ಸಲೀಸಾಗಿ ತೆರೆಯುತ್ತದೆ. ಮನೆಯವರು ದಿನವೂ ಎತ್ತಿ ತೆರೆಯುವುದನ್ನು ಮೊದಲ ಹತ್ತು ನಿಮಿಷದಲ್ಲಿ ತೋರಿಸಿದೆ. ಹೊರಗಿನಿಂದ ಬಂದ ನೆಂಟನೊಬ್ಬ ತಳ್ಳಿ ತಳ್ಳಿ ಸೋಲುವುದನ್ನೂ ತೋರಿಸಿದೆ. ಮುಂದೆ ಒಂದು ರಾತ್ರಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿದ್ದಾರೆ. ಕೆಳಗೆ ‘ಟಕ್’. ಬಾಗಿಲು ಉಜ್ಜಿದ ಸದ್ದಿಲ್ಲ. ಬಂದಿರುವುದಕ್ಕೆ ಈ ಮನೆ ಗೊತ್ತು! ಸತ್ತ ಹಳೆಯ ಒಡತಿಯ ಬಗ್ಗೆ ನಾನು ಬರೆದಿದ್ದ ಮೂರು ಪುಟದ ಫ್ಲ್ಯಾಷ್‌ಬ್ಯಾಕ್ ಆ ಒಂದು ಶಬ್ದಕ್ಕೆ ಹಾರಿಹೋಯಿತು. ಹಾಸಿಗೆಯಲ್ಲಿ ಕಣ್ಣು ಬಿಟ್ಟ ನಾಲ್ಕು ಮುಖ, ಒಂದು ಮಂದ ದೀಪ, ಅಷ್ಟೇ ಖರ್ಚು.

ಫ್ರಿಜ್ಜಿನಿಂದಲೂ ಒಂದು ದೃಶ್ಯ ಸಿಕ್ಕಿತು. ಅದರ ಗುಂಯ್‌ ಸದ್ದು ಕಿವಿಗೆ ಒಗ್ಗಿಹೋಗಿರುತ್ತದೆ, ಕಂಪ್ರೆಸರ್ ನಿಂತಾಗಲೇ ಅದು ಇತ್ತೆಂದು ಗೊತ್ತಾಗುವುದು. ಆ ನಿಂತ ಕ್ಷಣದಲ್ಲಿ ಮಹಡಿಯ ಮೇಲೆ ಏನನ್ನೋ ಎಳೆಯುವ ಸದ್ದು ಕೇಳಿಸುತ್ತದೆ, ಅದು ಆಗಿನಿಂದಲೂ ನಡೆಯುತ್ತಿತ್ತು. ಇದನ್ನು ಓದಿ ಹೇಳಿದಾಗ ನಮ್ಮ ಅಸೋಸಿಯೇಟ್ ಡೈರೆಕ್ಟರ್ ಎದ್ದು ಹೋಗಿ ಕೋಣೆಯ ದೀಪ ಹಾಕಿದರು. ಶಬ್ದ ಬರೆಯುವುದು ಸೌಂಡ್ ವಿಭಾಗದ ಕೆಲಸ, ಲೇಖಕನದ್ದಲ್ಲ ಎಂದು ಅಲ್ಲಿಯವರೆಗೆ ವಾದಿಸುತ್ತಿದ್ದವರೂ ಅವರೇ.

ಸಂಭಾಷಣೆ ಎಲ್ಲಿ, ಇದೇನು ಸ್ಕ್ರಿಪ್ಟೋ ದಿನಸಿ ಪಟ್ಟಿಯೋ ಎಂದು ನಿರ್ಮಾಪಕರು ಕೇಳಿದರು. 1999ರಲ್ಲಿ ಬಿಡುಗಡೆಯಾದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಸುಮಾರು 35 ಪುಟದ ರೂಪರೇಖೆಯ ಮೇಲೆ ನಿಂತ ಚಿತ್ರ, ಮಾತುಗಳನ್ನು ಬಹುಪಾಲು ನಟರೇ ಸ್ಥಳದಲ್ಲಿ ಕಟ್ಟಿಕೊಂಡರು, ಮಾಟಗಾತಿ ಕೊನೆಯವರೆಗೂ ಪರದೆಯ ಮೇಲೆ ಕಾಣುವುದಿಲ್ಲ, ಡೇರೆಯ ಹೊರಗಿನ ಸದ್ದೇ ಕೆಲಸ ಮಾಡುತ್ತದೆ ಎಂದೆ. ಅವರು ಒಪ್ಪಲಿಲ್ಲ. ಒಪ್ಪಿದ್ದು ಒನ್‌ಲೈನ್ ಆರ್ಡರ್, ಅಂದರೆ ದೃಶ್ಯಕ್ಕೊಂದು ಸಾಲಿನ ಪಟ್ಟಿ, ನೋಡಿದ ಮೇಲೆ. ರಾತ್ರಿಯ ಹೊರಾಂಗಣ ಪೂರ್ತಿ ಹೋಗಿತ್ತು, ದೊಡ್ಡ ಜನರೇಟರ್ ಬೇಕಿರಲಿಲ್ಲ, ಶೂಟಿಂಗಿನ ದಿನಗಳು ಕಾಲುಭಾಗದಷ್ಟು ಇಳಿದಿದ್ದವು. ಉಳಿದದ್ದರಲ್ಲಿ ದೊಡ್ಡ ಪಾಲನ್ನು ಫೋಲಿಗೂ (ಹೆಜ್ಜೆ, ಬಾಗಿಲಿನಂಥ ಸದ್ದುಗಳನ್ನು ಸ್ಟುಡಿಯೋದಲ್ಲಿ ಮಾಡಿ ಹಿಡಿಯುವ ಕೆಲಸ) ಶಬ್ದಗಳ ಮಿಕ್ಸಿಂಗಿಗೂ ಇಡಬೇಕೆಂದು ನಾನು ಪಟ್ಟು ಹಿಡಿದೆ. ಹೀಗೆ ಬರೆದವರು ಹಿಡಿಯಲೇಬೇಕು. ಆ ‘ಟಕ್’ ಕಳಪೆಯಾದರೆ ಇಡೀ ಕಥೆ ಬೀಳುತ್ತದೆ. ಮೊಬೈಲಿನಲ್ಲಿ ಹಿಡಿದದ್ದು ಬರವಣಿಗೆಗೆ ಮಾತ್ರ, ಚಿತ್ರಕ್ಕೆ ಎಲ್ಲವನ್ನೂ ಹೊಸದಾಗಿ ರೆಕಾರ್ಡ್ ಮಾಡಿಸಿದೆವು.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕ್ಲೈಮ್ಯಾಕ್ಸಿನಿಂದ ಹಿಂದಕ್ಕೆ ಬರೆದು ನೋಡಿದರೆ ಪಾತ್ರಗಳು ಕೊನೆಯನ್ನು ಮೊದಲೇ ತಿಳಿದವರಂತೆ ನಡೆದುಕೊಂಡವು. ಕತ್ತಲಲ್ಲೇ ಕುಳಿತು ಕೈಬರಹದಲ್ಲಿ ಬರೆದದ್ದನ್ನು ಬೆಳಿಗ್ಗೆ ಓದಲಾಗಲಿಲ್ಲ. ಫಲ ಕೊಟ್ಟದ್ದು ದೆವ್ವದ ದಿನಚರಿ: ಬೆಳಗಿನಿಂದ ಮರುದಿನ ಬೆಳಗಿನವರೆಗೆ ಅದು ಎಲ್ಲಿರುತ್ತದೆ, ಏನು ಮಾಡುತ್ತದೆ ಎಂದು ಗಂಟೆಗಂಟೆಗೆ ಬರೆದೆ. ಒಂದೂ ಚಿತ್ರದಲ್ಲಿಲ್ಲ. ಆದರೆ ಬದುಕಿದ್ದಾಗ ಮಾಡುತ್ತಿದ್ದ ಕೆಲಸಗಳನ್ನಷ್ಟೇ ಅದು ಮಾಡುತ್ತದೆ ಎಂಬ ನಿಯಮ ಅಲ್ಲಿಂದಲೇ ಸಿಕ್ಕಿತು. ಆ ಮೇಲೆ ಉಳಿದ ಅರ್ಧ ಮೂರು ವಾರದ ಆಸುಪಾಸಿನಲ್ಲಿ ಮುಗಿಯಿತು. ಅಂತಿಮ ಪ್ರತಿ ಎಂಬತ್ತು ಚಿಲ್ಲರೆ ಪುಟ.

ಎರಡು ಶಬ್ದಗಳ ನಡುವಿನ ಮೌನವನ್ನು ಪುಟದ ಮೇಲೆ ಎಷ್ಟು ಉದ್ದ ಬರೆಯಬೇಕು ಎಂಬುದಕ್ಕೆ ನನ್ನದೇ ಲೆಕ್ಕವೊಂದಿದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ಮುಂದಿನ ಚಿತ್ರಕ್ಕೆ ಬೇಕು. ಕೊನೆಯ ದೃಶ್ಯವನ್ನು ಹೇಗೆ ಕಟ್ಟಿದೆ ಎಂಬುದೂ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಲೊಕೇಶನ್ ಇನ್ನೂ ಸಿಗದವರು ತಾವು ವಾಸಿಸುವ ಮನೆಯಲ್ಲೇ ಶುರುಮಾಡಬಹುದು, ಆದರೆ ರೆಕಾರ್ಡರನ್ನು ಬೇರೆಯವರ ಕೈಗೆ ಕೊಡಿ. ನಮ್ಮ ಮನೆಯ ಸದ್ದುಗಳಲ್ಲಿ ಅರ್ಧದಷ್ಟು ನಮ್ಮ ಕಿವಿಗೇ ಬೀಳುವುದಿಲ್ಲ. ಶೂಟಿಂಗಿನ ಮನೆ ಖಚಿತವಾದ ದಿನ ಹಳೆಯ ಪಟ್ಟಿಯನ್ನು ಪೂರ್ತಿ ಎಸೆದು ಮತ್ತೆ ಕುಳಿತುಕೊಳ್ಳಿ. ಒಂದು ಮನೆಯ ಬಾಗಿಲಿಗೆ ಬರೆದ ದೃಶ್ಯ ಇನ್ನೊಂದರ ಬಾಗಿಲಿಗೆ ಹೊಂದುವುದಿಲ್ಲ.