ವೈರಲ್ ಗಲಾಟೆಯ ಸುದ್ದಿ: ಪೆನ್ಸಿಲ್ ಹಿಡಿದು ಓದುವುದು ಹೇಗೆ?

ವಿಡಿಯೊ ನಿಜಾನಾ ಸುಳ್ಳಾ ಅಂತ ಕೇಳುವುದನ್ನು ನಮ್ಮ ಜನ ಈಗೀಗ ಕಲಿತಿದ್ದಾರೆ. ಆದರೆ ಅದರ ಬಗ್ಗೆ ಬರೆದ ಸುದ್ದಿ ಯಾರ ಕಡೆಗಾದರೂ ವಾಲಿದೆಯಾ ಅಂತ ನೋಡುವವರು ಕಡಿಮೆ. ಶಿರಸಿಯ ಚಹಾದಂಗಡಿಯಲ್ಲೂ ಕಾರವಾರದ ಮೀನು ಮಾರ್ಕೆಟ್ಟಿನಲ್ಲೂ ನಾನು ಕೇಳುವುದು ಒಂದೇ ಮಾತು. ಸುದ್ದಿ ತಮ್ಮ ಪಕ್ಷಕ್ಕೆ ಹೊಂದಿದರೆ ‘ಪೇಪರ್‌ನಲ್ಲೇ ಬಂದಿದೆ ನೋಡಿ’. ಹೊಂದದಿದ್ದರೆ ‘ಪೇಪರಿನವರು ದುಡ್ಡು ತಿಂದಿದ್ದಾರೆ’. ಎರಡೂ ಓದುವ ರೀತಿಯಲ್ಲ.

1. ಮರುದಿನ ಬೆಳಿಗ್ಗೆಯವರೆಗೆ ಕಾಯಿರಿ. ರಾತ್ರಿಯ ಟಿವಿ ಚರ್ಚೆ ನೋಡಲೇಬೇಡಿ.

2. ಜಾಗ, ಕಾಲ ನೋಡಿ. ಜುಲೈ ತಿಂಗಳ ಅಂಕೋಲೆ ಎನ್ನುವ ವಿಡಿಯೊದಲ್ಲಿ ನೆಲ ಒಣಗಿ ಧೂಳು ಏಳುತ್ತಿದ್ದರೆ ಅನುಮಾನ ಪಡಿ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರ್‌ನಿಂದ ಮೀನು ಇಳಿಸುವ ದೃಶ್ಯ ಹೇಗೆ ಬಂತು? ವಾಹನಗಳ ನಂಬರು ನಮ್ಮ ಉತ್ತರ ಕನ್ನಡದ ಕೆಎ-30, 31, 47, 65 ಯಾವುದೂ ಅಲ್ಲದೆ ಎಲ್ಲವೂ ಹೊರಗಿನದೇ ಆಗಿದ್ದರೆ ಇನ್ನೊಮ್ಮೆ ನೋಡಿ. ಭಾಷಣ ಕೊಂಕಣಿಯಲ್ಲಿದ್ದರೆ ಕೆಳಗೆ ಅಂಟಿಸಿದ ಕನ್ನಡ ಸಾಲು ನಂಬಬೇಡಿ, ಕೊಂಕಣಿ ಬಲ್ಲವರಿಗೆ ಕೇಳಿಸಿ. ‘ಫೇಕ್ ಪತ್ತೆ ಮಾಡುವ ಆ್ಯಪ್’ಗಳಿಗೆ ದುಡ್ಡು ಹಾಕಬೇಡಿ. ಗೂಗಲ್ ಲೆನ್ಸ್‌ನಲ್ಲಿ ಒಂದು ಫ್ರೇಮ್ ಹಾಕಿ ಹುಡುಕಿದರೆ ಹಳೆಯ ದೃಶ್ಯಗಳು ಎಷ್ಟೋ ಸಲ ಅಲ್ಲೇ ಸಿಗುತ್ತವೆ.

3. ಜಾಸ್ತಿ ಜನ ಎಡವುವುದು ಇಲ್ಲಿ. ಸುದ್ದಿಯ ಪ್ರತಿ ವಾಕ್ಯದ ಕೆಳಗೆ ಗೆರೆ ಎಳೆದು, ‘ಇದನ್ನು ಹೇಳಿದ್ದು ಯಾರು?’ ಎಂದು ಪಕ್ಕದಲ್ಲಿ ಬರೆಯಿರಿ. ಒಂದು ಉದಾಹರಣೆ ಕಟ್ಟೋಣ:

“ಕುಮಟಾದ ಮೀನುಗಾರರ ಸಭೆಯಲ್ಲಿ ಶಾಸಕರೊಬ್ಬರು ‘ಪರಿಹಾರ ಕೊಡುವುದಿಲ್ಲ’ ಎಂದು ದರ್ಪ ಮೆರೆದಿದ್ದಾರೆ. ಇದರಿಂದ ಮೀನುಗಾರರು ಕೆರಳಿದ್ದಾರೆ. ಶಾಸಕರಿಗೂ ಗುತ್ತಿಗೆದಾರರಿಗೂ ನಂಟಿದೆ ಎನ್ನಲಾಗಿದೆ. ತಾವು ಹಾಗೆ ಹೇಳಿಲ್ಲ ಎಂದು ಶಾಸಕರು ಸಮಜಾಯಿಷಿ ನೀಡಿದ್ದಾರೆ.”

ಮೊದಲ ವಾಕ್ಯಕ್ಕೆ ಬನ್ನಿ. ವರದಿಗಾರರು ಸಭೆಯಲ್ಲಿದ್ದರಾ, ಇಪ್ಪತ್ತು ಸೆಕೆಂಡಿನ ತುಣುಕು ನೋಡಿ ಬರೆದರಾ? ಶಾಸಕರು ಹೇಳಿದ್ದು ‘ಕಾಗದಪತ್ರ ಇಲ್ಲ ಅಂದ್ರೆ ಪರಿಹಾರ ಕೊಡುವುದಿಲ್ಲ ಅಂತಾರೆ ಅಧಿಕಾರಿಗಳು, ನಾನು ಬಿಡೋದಿಲ್ಲ’ ಎಂದಿದ್ದರೆ? ಹಿಂದಿನ, ಮುಂದಿನ ಪದ ಕತ್ತರಿಸಿದರೆ ಅರ್ಥವೇ ತಿರುಗುತ್ತದೆ. ಹಾಗಾಗಿ ಮುಂಚಿನ ಒಂದು ನಿಮಿಷ, ನಂತರದ ಒಂದು ನಿಮಿಷ ಹುಡುಕಲೇಬೇಕು. ‘ದರ್ಪ’ ವರದಿಗಾರರ ಅಭಿಪ್ರಾಯ, ಅದಕ್ಕೆ ಸುತ್ತು ಹಾಕಿ. ಎರಡನೇ ವಾಕ್ಯದಲ್ಲಿ ಯಾವ ಮೀನುಗಾರರು? ಒಬ್ಬರ ಹೆಸರೂ ಇಲ್ಲ. ಮೂರನೆಯದನ್ನು ಪೂರ್ತಿ ಹೊಡೆದು ಹಾಕಿ. ‘ಎನ್ನಲಾಗಿದೆ’ ಎಂದರೆ ಯಾರೂ ಹೊಣೆ ಹೊತ್ತಿಲ್ಲ ಎಂದೇ ಲೆಕ್ಕ. ಕೊನೆಯದರಲ್ಲಿ ಶಾಸಕರು ‘ಸಮಜಾಯಿಷಿ’ ನೀಡಿದ್ದಾರೆ. ಅಂದರೆ ತಪ್ಪಿತಸ್ಥರು ಎಂದು ಮೊದಲೇ ತೀರ್ಮಾನವಾಗಿದೆ. ಅವರ ಉತ್ತರಕ್ಕೆ ಸಿಕ್ಕಿದ್ದು ಬಾಲದಲ್ಲಿ ಒಂದು ಸಾಲು. ಇಷ್ಟೆಲ್ಲ ತೆಗೆದ ಮೇಲೆ ಉಳಿದದ್ದೆಷ್ಟೋ ಅಷ್ಟೇ ಸುದ್ದಿ.

4. ಪಕ್ಷ ಅದಲುಬದಲು ಮಾಡಿ ಓದಿ. ಅದೇ ಸುದ್ದಿಯಲ್ಲಿ ನೀವು ಓಟು ಹಾಕುವ ಪಕ್ಷದವರ ಹೆಸರಿದ್ದರೂ ಅದು ನ್ಯಾಯ ಅನಿಸುತ್ತದಾ?

5. ಸುದ್ದಿ ಕತ್ತರಿಸಿ ಇಟ್ಟುಕೊಂಡು ಅದು ಮುಂದೇನಾಯಿತು ಎಂದು ನೋಡಿ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಒಬ್ಬ ಯುವಕನ ಶವ ಕೆರೆಯಲ್ಲಿ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು ಕೊಂದರು ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು, ಕುಮಟಾ, ಶಿರಸಿಯಲ್ಲಿ ಹಿಂಸೆ ನಡೆಯಿತು. 2022ರಲ್ಲಿ ಸಿಬಿಐ ಅದು ಆಕಸ್ಮಿಕ ಸಾವು ಎಂದು ಕೋರ್ಟಿಗೆ ವರದಿ ಕೊಟ್ಟಿತು. ಇನ್ನೊಂದು, 2024ರ ಫೆಬ್ರುವರಿಯಲ್ಲಿ ವಿಧಾನಸೌಧದಲ್ಲಿ ಕೇಳಿಬಂದ ಘೋಷಣೆಯದು. ಪಾಕಿಸ್ತಾನದ ಪರ ಕೂಗಿದರು ಎಂದು ಬಿಜೆಪಿ, ರಾಜ್ಯಸಭೆಗೆ ಗೆದ್ದ ತಮ್ಮ ಅಭ್ಯರ್ಥಿಯ ಹೆಸರು ಕೂಗಿದ್ದು ಎಂದು ಕಾಂಗ್ರೆಸ್. ಅದೇ ರಾತ್ರಿ ‘ಸತ್ಯ’, ‘ಸುಳ್ಳು’ ಎಂದು ತೀರ್ಪು ಕೊಟ್ಟವರು ಎರಡೂ ಕಡೆ ಇದ್ದರು. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಮತ್ತು ಸಾಕ್ಷಿಗಳ ಹೇಳಿಕೆ ಆಧರಿಸಿ ಪೊಲೀಸರು ಮೂವರನ್ನು ಬಂಧಿಸಿದ್ದು ಮಾರ್ಚ್‌ನಲ್ಲಿ. ಒಂದರಲ್ಲಿ ಮೊದಲ ಆರೋಪ ನಿಲ್ಲಲಿಲ್ಲ, ಇನ್ನೊಂದರಲ್ಲಿ ಮೊದಲ ನಿರಾಕರಣೆಯನ್ನು ಪೊಲೀಸರು ಒಪ್ಪಲಿಲ್ಲ. ಎರಡರಲ್ಲೂ ಆ ದಿನದ ವಾಲದ ವರದಿ ಎಂದರೆ ‘ಇವರು ಹೀಗೆ ಹೇಳುತ್ತಾರೆ, ಅವರು ಹಾಗೆ ಹೇಳುತ್ತಾರೆ, ತನಿಖೆ ಬಾಕಿ ಇದೆ’ ಎಂದದ್ದು ಮಾತ್ರ. ಮೊದಲ ದಿನ ಮುಖಪುಟದಲ್ಲಿ ಆರೋಪ ಹಾಕಿ, ತನಿಖಾ ವರದಿಯನ್ನು ಒಳಪುಟದ ಮೂಲೆಗೆ ತಳ್ಳುವ ಪತ್ರಿಕೆಯನ್ನು ನಾನಾದರೆ ಮನೆಗೆ ಹಾಕಿಸುವುದಿಲ್ಲ.

6. ವಾಲಿದ್ದು ಖಚಿತವಾದರೆ ಸುಮ್ನೆ ಸ್ಟೇಟಸ್ ಹಾಕಿ ಬೈಯಬೇಡಿ, ದೂರು ಕೊಡಿ. ಯಾವ ದಿನ, ಯಾವ ಪುಟ, ಯಾವ ವಾಕ್ಯ ಎಂದು ಮೊದಲು ಸಂಪಾದಕರಿಗೆ ಬರೆಯಿರಿ. ಅವರು ಸರಿಪಡಿಸದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ಹೋಗಬಹುದು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ 2 ತಿಂಗಳೊಳಗೆ. ಮಂಡಳಿ ದಂಡ ಹಾಕುವುದಿಲ್ಲ, ಛೀಮಾರಿ ಹಾಕಬಹುದು. ಟಿವಿಯದ್ದಾದರೆ ತಡ ಮಾಡಬೇಡಿ: ವಾಹಿನಿ ಎನ್‌ಬಿಡಿಎಸ್‌ಎ (ಸುದ್ದಿ ವಾಹಿನಿಗಳ ಸಂಘವೇ ದೂರು ಕೇಳಲು ಕಟ್ಟಿಕೊಂಡ ಪ್ರಾಧಿಕಾರ) ವ್ಯಾಪ್ತಿಯಲ್ಲಿದ್ದರೆ ಪ್ರಸಾರವಾದ 7 ದಿನದೊಳಗೆ ಮೊದಲ ದೂರು ಆ ವಾಹಿನಿಗೇ ತಲುಪಬೇಕು.