ಹಳೆಯ ಸಿಡಿ ಮುಂದಿಟ್ಟುಕೊಂಡು ಶ್ವಾಸಕೋಶದ ಗಂಟು ಅಳೆಯುವ ರೀತಿ: ನನ್ನ ಅನುಭವ

ಅಂಗುಳದಲ್ಲಿ ಗಂಟು, ಆಪರೇಷನ್, ರೇಡಿಯೇಷನ್, ಆಮೇಲೆ ಆರೇಳು ವರ್ಷ ಆರಾಮ. ಆಗ ಎದೆಯ ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಕಡೆ ಕಡಲೆಕಾಳಿನಷ್ಟು ಗಂಟುಗಳು ಕಾಣುತ್ತವೆ. ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ಬರುವ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ರೋಗಿಗಳ ಮನೆಯವರು ಕೇಳುವುದು ಒಂದೇ: "ಕೆಮ್ಮಿಲ್ಲ, ದಮ್ಮಿಲ್ಲ, ಹ್ಯಾಂಗ ಹಬ್ಬೇತ್ರಿ ಸರ?"

ಜೊಲ್ಲುಗ್ರಂಥಿಯ ಈ ಕ್ಯಾನ್ಸರ್ ನರದ ಗುಂಟ ಹರಿಯುತ್ತದೆ, ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೆ ಹೋಗುತ್ತದೆ. ಕುತ್ತಿಗೆಯ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗುವುದು ಕಡಿಮೆ. ಕುತ್ತಿಗೆ ಚೊಕ್ಕ ಇದೆ ಎಂದು ಎದೆ ನೋಡದೆ ಬಿಡಬಾರದು. 1 ಮಿ.ಮೀ. ಗಂಟು 8 ಮಿ.ಮೀ. ಆಗಲು ಅದರ ಗಾತ್ರ (ವ್ಯಾಸವಲ್ಲ, ಘನ ಅಳತೆ) 9 ಸಲ ಇಮ್ಮಡಿಸಬೇಕು. ಒಂದು ಇಮ್ಮಡಿಗೆ ವರ್ಷ ಹಿಡಿದರೆ 9 ವರ್ಷ. ಅಂದರೆ ಬೀಜ ಬಹಳ ಸಲ ಆಪರೇಷನ್‌ಗೂ ಮೊದಲೇ ಬಿದ್ದಿರುತ್ತದೆ. ಆಪರೇಷನ್ ಮಾಡಿದ್ದರಿಂದ ಹಬ್ಬಿತೆಂದು ಕೊರಗಬೇಕಿಲ್ಲ.

ಅಳೆಯುವಾಗ 1 ಮಿ.ಮೀ. ಸ್ಲೈಸ್ (ಸ್ಕ್ಯಾನಿನ ತೆಳು ಪದರ), ಲಂಗ್ ವಿಂಡೋ (ಶ್ವಾಸಕೋಶ ಸ್ಪಷ್ಟ ಕಾಣುವ ಹೊಂದಾಣಿಕೆ), ಪ್ರತಿ ಸಲ ಅದೇ ಗಂಟು. ಕಾಂಟ್ರಾಸ್ಟ್ (ನರಕ್ಕೆ ಚುಚ್ಚುವ ಬಣ್ಣದ ಔಷಧಿ) ಬರೀ ಗಂಟು ಅಳೆಯಲು ಬೇಕಿಲ್ಲ. ಸಣ್ಣ ಗಂಟಿನ ಅಳತೆಯಲ್ಲಿ 1-2 ಮಿ.ಮೀ. ಕೈತಪ್ಪು ಸಹಜ, ಹಾಗಾಗಿ ಹಿಂದಿನ ಸ್ಕ್ಯಾನ್‌ಗಲ್ಲ, ಎಲ್ಲಕ್ಕೂ ಹಳೆಯದಕ್ಕೆ ಹೋಲಿಸುತ್ತೇನೆ. ಒಂದು ಗಂಟು 6, 7, 7, 9, 10 ಎಂದು 4 ವರ್ಷ ಬೆಳೆದಿದೆ ಅನ್ನಿ. ಪ್ರತಿ ರಿಪೋರ್ಟಿನಲ್ಲೂ "ಹೆಚ್ಚೇನೂ ಬದಲಾವಣೆಯಿಲ್ಲ". ಆದರೆ ವ್ಯಾಸದ ಘನ ತೆಗೆದು ನೋಡಿ (6×6×6, 10×10×10): 216 ಇದ್ದದ್ದು 1000. ನಾಲ್ಕೂವರೆ ಪಟ್ಟು ಮೀರಿದೆ, ಇಮ್ಮಡಿಗೆ ಸುಮಾರು 22 ತಿಂಗಳು. ವ್ಯಾಸ ಕಾಲು ಭಾಗ ಹೆಚ್ಚಿತೆಂದರೆ ಗಾತ್ರ ಹೆಚ್ಚುಕಡಿಮೆ ಇಮ್ಮಡಿ, ಇದನ್ನು ನೆನಪಿಟ್ಟರೆ ಸಾಕು.

ಈ ವೇಗವೇ ಔಷಧಿಯ ನಿರ್ಧಾರ. ತೊಂದರೆಯಿಲ್ಲದೆ 22 ತಿಂಗಳಿಗೆ ಇಮ್ಮಡಿಸುವ ಸಣ್ಣ ಗಂಟುಗಳಿಗೆ ನಾನು ಕೀಮೋ ಶುರುಮಾಡುವುದಿಲ್ಲ. ಈ ಕ್ಯಾನ್ಸರ್ ಕೀಮೋಗೆ ಬಗ್ಗುವುದೇ ಅಪರೂಪ, ದೇಹ ಮಾತ್ರ ಸೋಲುತ್ತದೆ. ಕೆಲವೇ ಗಂಟುಗಳಿದ್ದು, ಮೊದಲ ಚಿಕಿತ್ಸೆ ಮುಗಿದು ಬಹಳ ವರ್ಷಗಳ ಮೇಲೆ ಕಂಡಿದ್ದರೆ, ಎಲ್ಲವನ್ನೂ ತೆಗೆಯಲು ಸಾಧ್ಯವೇ ಎಂದು ಎದೆಯ ಸರ್ಜನ್‌ಗೆ ತೋರಿಸುತ್ತೇನೆ. ಆರು ತಿಂಗಳಲ್ಲೇ ಎದ್ದು ಕಾಣುವಷ್ಟು ಬೆಳೆದರೆ, ಶ್ವಾಸನಾಳ ಒತ್ತಿದರೆ, ಮೂಳೆ ಇಲ್ಲವೆ ಲಿವರ್‌ಗೆ ಹೋದರೆ ಕಾಯುವುದಿಲ್ಲ. ಲೆನ್ವಾಟಿನಿಬ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟರೆ ಬಿಪಿ, ಮೂತ್ರದಲ್ಲಿ ಪ್ರೋಟೀನ್ ಬಿಡದೆ ನೋಡಬೇಕು. ಬಯಾಪ್ಸಿಯಲ್ಲಿ "ಸಾಲಿಡ್" (ಜೀವಕೋಶಗಳು ಒತ್ತಾಗಿ ತುಂಬಿದ, ಜೋರಾಗಿ ಬೆಳೆಯುವ) ಭಾಗ ಹೆಚ್ಚೆಂದು ಬರೆದಿದ್ದರೆ ನಿಧಾನದ ಲೆಕ್ಕ ನಂಬಬೇಡಿ.

ನಮ್ಮ ಕಡೆ ಎಡವುವುದು ಈ ಗಂಟುಗಳನ್ನು ಟಿಬಿ ಎಂದುಕೊಳ್ಳುವಲ್ಲಿ. ಹಳೆಯ ರೋಗ "ಬಾಯಾಗಿಂದು" ಎಂದು ರೋಗಿ ಎದೆಯ ಡಾಕ್ಟರಿಗೆ ಹೇಳಿರುವುದಿಲ್ಲ; ಕಫ ಪರೀಕ್ಷೆಯಾಗದೆ ಆರು ತಿಂಗಳ ಟಿಬಿ ಮಾತ್ರೆ ಶುರುವಾಗಿರುತ್ತದೆ. ಪೆಟ್ ಸ್ಕ್ಯಾನ್‌ನಲ್ಲಿ ಹೊಳೆಯಲಿಲ್ಲ ಎಂಬುದೂ ಧೈರ್ಯದ ಮಾತಲ್ಲ, 8 ಮಿ.ಮೀ. ಒಳಗಿನ ನಿಧಾನದ ಗಂಟು ಹೊಳೆಯದೇ ಇರಬಹುದು.

ಬರುವಾಗ ಬರೀ ರಿಪೋರ್ಟ್ ತರಬೇಡಿ. ಫಿಲ್ಮಿನಲ್ಲಿ ಚಿತ್ರ ಕುಗ್ಗಿರುತ್ತದೆ, ಮಿ.ಮೀ. ಲೆಕ್ಕ ಸಿಗದು. ಮೊದಲ ಸ್ಕ್ಯಾನ್‌ನ ಸಿಡಿ, ಹಳೆಯ ಬಯಾಪ್ಸಿಯ ಸ್ಲೈಡು, ಮೇಣದ ಬ್ಲಾಕು (ಬಯಾಪ್ಸಿಯ ತುಣುಕು ಇಟ್ಟ ಮೇಣದ ಗಟ್ಟಿ) ತನ್ನಿ. ಸಿಡಿಗೆ ಗೀರು ಬಿದ್ದರೆ ತೆರೆಯದೇ ಹೋಗಬಹುದು. ಇವತ್ತೇ ಪೆನ್‌ಡ್ರೈವ್‌ಗೆ ಹಾಕಿಸಿಡಿ.