ಕ್ಯಾಂಪರ್ ವ್ಯಾನಿಗೆ ಇನ್ವರ್ಟರ್: ಗಮನ ಬೇಕಿರುವುದು ಕೇಬಲ್ ತುದಿಗಳಿಗೆ

ವ್ಯಾನಿನ 12 ವೋಲ್ಟ್ ಬ್ಯಾಟರಿಯಲ್ಲಿ ದೀಪ, ಫ್ಯಾನು, ನೀರಿನ ಪಂಪು ನಡೆಯುತ್ತಿವೆ. ಈಗ ಮಿಕ್ಸಿ, ಮೈಕ್ರೋವೇವ್, ಲ್ಯಾಪ್‌ಟಾಪ್ ಚಾರ್ಜರಿಗೂ ಕರೆಂಟ್ ಬೇಕು ಎಂದಾದರೆ ಬ್ಯಾಟರಿಯ ಡಿಸಿ ಕರೆಂಟನ್ನು ಮನೆಯಲ್ಲಿರುವಂಥ ಎಸಿ ಕರೆಂಟಾಗಿ ಬದಲಿಸುವ ಇನ್ವರ್ಟರ್ ಹಾಕಬೇಕು. ಪೆಟ್ಟಿಗೆಯನ್ನು ತಂದು ಸ್ಕ್ರೂ ಬಿಗಿಯುವುದು ಅರ್ಧ ಗಂಟೆಯ ಕೆಲಸ. ತೊಂದರೆ ಕೊಡುವುದು ಬ್ಯಾಟರಿಗೂ ಪೆಟ್ಟಿಗೆಗೂ ನಡುವೆ ಇರುವ ಒಂದೆರಡು ಮೀಟರ್ ಕೇಬಲ್ಲು ಮತ್ತು ಅದರ ತುದಿಗಳು. ನಿಮ್ಮ ಸಮಯ, ಹಣ ಎರಡನ್ನೂ ಅಲ್ಲಿ ಧಾರಾಳವಾಗಿ ಹಾಕಿ.

ಮೊದಲು ಲೆಕ್ಕ. ಒಂದೇ ಹೊತ್ತಿನಲ್ಲಿ ನಡೆಯುವ ವಸ್ತುಗಳ ವ್ಯಾಟ್ ಕೂಡಿಸಿ. ಮೈಕ್ರೋವೇವ್ ಮೇಲೆ 800 ವ್ಯಾಟ್ ಎಂದಿದ್ದರೆ ಅದು ಒಳಗಿನ ಪಾತ್ರೆಗೆ ಸಿಗುವ ಶಕ್ತಿ. ಇನ್ವರ್ಟರಿನಿಂದ ಅದು ಎಳೆಯುವುದು 1200 ವ್ಯಾಟಿನ ಆಸುಪಾಸು. ಆದ್ದರಿಂದ ಹಿಂಬದಿಯ ಪಟ್ಟಿಯಲ್ಲಿ ಇನ್‌ಪುಟ್ ಎಂದು ಬರೆದ ಅಂಕಿಯನ್ನೇ ಹಿಡಿಯಿರಿ. ಮೋಟಾರು, ಕಂಪ್ರೆಸರ್ ಇರುವ ವಸ್ತುಗಳು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತವೆ. ಇನ್ವರ್ಟರಿನ ಸರ್ಜ್ ಸಾಮರ್ಥ್ಯ (ಕ್ಷಣಕಾಲ ಕೊಡಬಲ್ಲ ಹೆಚ್ಚಿನ ವ್ಯಾಟ್) ನೋಡಬೇಕಾದ್ದು ಇದಕ್ಕಾಗಿ. ಮಾದರಿ ಪ್ಯೂರ್ ಸೈನ್ ವೇವ್, ಅಂದರೆ ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು, ಆಗಿರಲಿ. ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವ ಮಾಡಿಫೈಡ್ ಸೈನ್‌ನಲ್ಲಿ ಮೋಟಾರು ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ, ಕೆಲವು ಚಾರ್ಜರುಗಳು ಸುಟ್ಟೇ ಹೋಗುತ್ತವೆ.

ಇನ್ನು ಡಿಸಿ ಕಡೆ, ಅಂದರೆ ಬ್ಯಾಟರಿಯಿಂದ ಇನ್ವರ್ಟರಿನವರೆಗಿನ ಭಾಗ. ಇನ್ವರ್ಟರಿನ ದಕ್ಷತೆ 90 ಶೇಕಡಾ ಎಂದಿಟ್ಟುಕೊಂಡರೆ 1000 ವ್ಯಾಟಿಗೆ 12 ವೋಲ್ಟಿನಲ್ಲಿ ಸುಮಾರು 93 ಆಂಪಿಯರ್ ಹರಿಯುತ್ತದೆ. 2000 ವ್ಯಾಟಿಗೆ 185. ಬ್ಯಾಟರಿ 11 ವೋಲ್ಟಿಗೆ ಇಳಿದರೆ ಅದೇ 2000 ವ್ಯಾಟಿಗೆ 200 ದಾಟುತ್ತದೆ. ಇಷ್ಟನ್ನು ನಿಮ್ಮ ಬ್ಯಾಟರಿ ಕೊಡಬಲ್ಲದೇ? 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಮಿತಿ 100 ಆಂಪಿಯರ್ ಆಗಿದ್ದರೆ, ಅದಕ್ಕೆ 2000 ವ್ಯಾಟ್ ಇನ್ವರ್ಟರ್ ಜೋಡಿಸಿ ಪೂರ್ತಿ ಲೋಡು ಹಾಕಿದ ಕೂಡಲೇ ಬಿಎಂಎಸ್ ಸಂಪರ್ಕ ಕತ್ತರಿಸಿ ವ್ಯಾನಿಡೀ ಕತ್ತಲಾಗುತ್ತದೆ. ಇನ್ವರ್ಟರ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ಸು ಹೋಗುವ ಪೆಟ್ಟಿಗೆಗಳಲ್ಲಿ ಇಂಥವೂ ಇರುತ್ತವೆ. ಸೀಸದ ಬ್ಯಾಟರಿಯಾದರೆ ಅರ್ಧದಷ್ಟನ್ನು ಮಾತ್ರ ಬಳಸುವುದು ಒಳ್ಳೆಯದು. 100 ಆಂಪಿಯರ್-ಅವರಿನ ಒಂದೇ ಒಂದು ಸೀಸದ ಬ್ಯಾಟರಿಯಿಂದ 1000 ವ್ಯಾಟನ್ನು ಅರ್ಧ ಗಂಟೆ ಎಳೆಯುವುದೂ ಕಷ್ಟವೇ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನಂತೂ ಈ ಕೆಲಸಕ್ಕೆ ಮುಟ್ಟಬೇಡಿ.

ಕೇಬಲ್ ದಪ್ಪ ತೀರ್ಮಾನವಾಗುವುದು ವೋಲ್ಟೇಜ್ ಕುಸಿತದಿಂದ. ತಾಮ್ರಕ್ಕೆ ಸೂತ್ರ ಸರಳ: ಹೋಗಿ ಬರುವ ಒಟ್ಟು ಉದ್ದದ ಮೀಟರನ್ನು 0.0175ರಿಂದ ಗುಣಿಸಿ, ಕೇಬಲ್ಲಿನ ಚದರ ಮಿಲಿಮೀಟರಿನಿಂದ ಭಾಗಿಸಿ, ಆಂಪಿಯರಿನಿಂದ ಗುಣಿಸಿ. ಬ್ಯಾಟರಿ ಒಂದೂವರೆ ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ಉದ್ದ 3 ಮೀಟರ್. 100 ಆಂಪಿಯರಿಗೆ 10 ಚದರ ಮಿ.ಮೀ. ಕೇಬಲ್ ಹಾಕಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಕರಗುತ್ತದೆ. 35 ಹಾಕಿದರೆ 0.15 ವೋಲ್ಟ್ ಮಾತ್ರ. ಬ್ಯಾಟರಿ ತುಂಬಿದ್ದರೂ ಲೋಡು ಹಾಕಿದಾಗ ಇನ್ವರ್ಟರ್ ಕೀಂ ಎಂದು ಕೂಗಿ ನಿಲ್ಲುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಈ ಕುಸಿತವನ್ನೇ. 1000 ವ್ಯಾಟಿಗೆ 35, 2000 ವ್ಯಾಟಿಗೆ 70 ಚದರ ಮಿ.ಮೀ. ಹಿಡಿಯಿರಿ. ಕೈಪಿಡಿ ಇನ್ನೂ ದಪ್ಪದ್ದು ಹೇಳಿದರೆ ಅದನ್ನೇ ಹಾಕಿ. ಸಣ್ಣ ಎಳೆಗಳ, ಬಳುಕುವ, ಹೆಚ್ಚು ಶಾಖ ತಾಳುವ ಹೊದಿಕೆಯ ಕೇಬಲ್ ಬೇಕು.

ಫ್ಯೂಸ್ ಇರುವುದು ಇನ್ವರ್ಟರನ್ನು ಉಳಿಸಲು ಅಲ್ಲ, ಕೇಬಲ್ ಹೊತ್ತಿಕೊಳ್ಳದಿರಲು. ಹಾಗಾಗಿ ಅದು ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೇ ಇರಬೇಕು. ಇನ್ವರ್ಟರಿನ ಪಕ್ಕದಲ್ಲಿಟ್ಟರೆ ನಡುವಿನ ಕೇಬಲ್ ಎಲ್ಲೋ ಲೋಹಕ್ಕೆ ಉಜ್ಜಿ ಹೊದಿಕೆ ಹರಿದ ದಿನ ಅದನ್ನು ತಡೆಯುವವರೇ ಇರುವುದಿಲ್ಲ. 1000 ವ್ಯಾಟಿಗೆ 125 ಆಂಪಿಯರ್, 2000ಕ್ಕೆ 250 ಆಂಪಿಯರ್ ಸಾಮಾನ್ಯ ಲೆಕ್ಕ. ಆದರೆ ಕೇಬಲ್ ತಡೆಯುವಷ್ಟನ್ನು ಫ್ಯೂಸ್ ಮೀರಬಾರದು. ಲಿಥಿಯಂ ಇದ್ದರೆ ಭಾರಿ ಶಾರ್ಟ್ ಕರೆಂಟನ್ನೂ ಕತ್ತರಿಸಬಲ್ಲ ಕ್ಲಾಸ್ ಟಿ ಮಾದರಿಯ ಫ್ಯೂಸ್ ಹಾಕಿ. ಶಾರ್ಟ್ ಆದಾಗ ಲಿಥಿಯಂ ಸಾವಿರಾರು ಆಂಪಿಯರ್ ಸುರಿಯುತ್ತದೆ, ಅಗ್ಗದ ಫ್ಯೂಸಿನಲ್ಲಿ ತಂತಿ ಕರಗಿದರೂ ಕಿಡಿ ದಾಟುತ್ತಲೇ ಇರಬಹುದು.

ಇನ್ವರ್ಟರ್ ಬ್ಯಾಟರಿಗೆ ಹತ್ತಿರವಿರಲಿ, ಆದರೆ ನೀರು ಹಾಕುವ ಸೀಸದ ಬ್ಯಾಟರಿಯ ಗೂಡಿನೊಳಗೇ ಬೇಡ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ. ಗಾಳಿಯಾಡಲು ಸುತ್ತ ಜಾಗ ಬಿಡಿ.

ಲಗ್ (ಕೇಬಲ್ ತುದಿಗೆ ಹಾಕುವ, ಬೋಲ್ಟಿಗೆ ತೂತಿರುವ ಲೋಹದ ತುಂಡು) ಕೂರಿಸುವ ಕೆಲಸವನ್ನು ನಿಧಾನವಾಗಿ ಮಾಡಿ. ಕೇಬಲ್ ಹೊದಿಕೆಯನ್ನು ಲಗ್ಗಿನ ಕೊಳವೆ ಎಷ್ಟು ಆಳವಿದೆಯೋ ಅಷ್ಟೇ ಸುಲಿಯಿರಿ, ಒಂದು ಎಳೆಯೂ ಹೊರಗುಳಿಯಬಾರದು. ಆ ದಪ್ಪಕ್ಕೆ ಸರಿಯಾದ ಡೈ (ಅಚ್ಚು) ಹಾಕಿದ ಹೈಡ್ರಾಲಿಕ್ ಕ್ರಿಂಪರ್ ಎಂಬ ಒತ್ತುವ ಉಪಕರಣದಿಂದ ಒತ್ತಿ. ಸುತ್ತಿಗೆಯಲ್ಲಿ ಬಡಿದ ಲಗ್ ಮೊದಲ ವಾರ ಗಟ್ಟಿಯಾಗಿಯೇ ಕಾಣುತ್ತದೆ. ವ್ಯಾನ್ ಕುಲುಕಾಟಕ್ಕೆ ಎಳೆಗಳು ಸಡಿಲವಾಗುವುದು ಆಮೇಲೆ. ಬೋಲ್ಟಿಗೆ ಹಾಕುವಾಗ ಲಗ್ಗು ಟರ್ಮಿನಲ್ಲಿನ ಲೋಹಕ್ಕೆ ನೇರವಾಗಿ ತಾಗಿರಬೇಕು. ವಾಷರ್ ಅದರ ಮೇಲೆ, ನಡುವೆ ಅಲ್ಲ. ಒಂದು ಜೋಡಣೆಯಲ್ಲಿ ಒಂದೇ ಒಂದು ಮಿಲಿಓಮ್ ತಡೆ ಇದ್ದರೂ 200 ಆಂಪಿಯರಿನಲ್ಲಿ ಅಲ್ಲಿ 40 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಸೋಲ್ಡರಿಂಗ್ ಕಡ್ಡಿಯ ತುದಿ ಕಾಯಿಸಲು ಸಾಕಾಗುವಷ್ಟು.

ಜೋಡಿಸುವಾಗ ಇನ್ವರ್ಟರ್ ಆಫ್ ಇರಲಿ, ವ್ಯಾನಿಗೆ ಹೊರಗಿನ ಕರೆಂಟ್ ಬರುತ್ತಿರಬಾರದು, ಫ್ಯೂಸ್ ತೆಗೆದಿರಲಿ. ಇನ್ವರ್ಟರಿನ ಲೋಹದ ಕವಚದಿಂದ ವ್ಯಾನಿನ ಚಾಸಿಗೆ ದಪ್ಪನೆಯ ಅರ್ತ್ ಕೇಬಲ್, ಆಮೇಲೆ ನೆಗೆಟಿವ್, ಆಮೇಲೆ ಪಾಸಿಟಿವ್. ಬ್ಯಾಟರಿ ಮಾನಿಟರ್ ಇದ್ದರೆ ನೆಗೆಟಿವನ್ನು ಶಂಟಿನ (ಹರಿಯುವ ಕರೆಂಟನ್ನು ಅಳೆಯಲು ಮಾನಿಟರ್ ಬಳಸುವ ತುಂಡು) ಬ್ಯಾಟರಿಗೆ ಸೇರದ ಬದಿಗೆ ಕೊಡಿ, ಇಲ್ಲದಿದ್ದರೆ ಇನ್ವರ್ಟರ್ ಎಳೆದದ್ದು ಲೆಕ್ಕಕ್ಕೇ ಸಿಗದು. ಪ್ಲಸ್ ಮೈನಸ್ ಅದಲುಬದಲಾದರೆ ಹೆಚ್ಚಿನ ಇನ್ವರ್ಟರುಗಳು ಆ ಕ್ಷಣವೇ ಹೋಗುತ್ತವೆ, ಆದ್ದರಿಂದ ಮಲ್ಟಿಮೀಟರಿನಲ್ಲಿ ಅಳೆದೇ ಮುಂದುವರಿಯಿರಿ. ಕೊನೆಯ ಸಂಪರ್ಕದಲ್ಲಿ ಬರುವ ಜೋರು ಕಿಡಿ ಒಳಗಿನ ಕೆಪಾಸಿಟರುಗಳು ಒಮ್ಮೆಲೇ ತುಂಬಿಕೊಳ್ಳುವುದರಿಂದ. ಫ್ಯೂಸಿನ ಜಾಗಕ್ಕೆ ಅಡ್ಡಲಾಗಿ 30 ಓಮಿನ ಸುಮಾರಿಗೆ ಒಂದು ರೆಸಿಸ್ಟರನ್ನು ಕೆಲವು ಸೆಕೆಂಡ್ ಹಿಡಿದು, ತೆಗೆದ ಕೂಡಲೇ ಫ್ಯೂಸ್ ಹಾಕಿದರೆ ಕಿಡಿ ಬಾರದು.

ಎಸಿ ಕಡೆಯ ತಪ್ಪು ಜೀವ ತೆಗೆಯುತ್ತದೆ. ಇನ್ವರ್ಟರಿನ ಔಟ್‌ಪುಟ್ಟೂ ಹೊರಗಿನ ಕರೆಂಟೂ ಯಾವತ್ತೂ ಒಂದೇ ತಂತಿಯಲ್ಲಿ ಸೇರಬಾರದು. ಎರಡೂ ತುದಿಗೆ ಪ್ಲಗ್ ಇರುವ ವಯರ್ ಮಾಡಿ ವ್ಯಾನಿನ ಇನ್‌ಲೆಟ್ಟಿಗೆ ಚುಚ್ಚುವ ಉಪಾಯ ಬೇಡವೇ ಬೇಡ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಒಂದು ಮೂಲದಿಂದ ಇನ್ನೊಂದಕ್ಕೆ ಬದಲಿಸುವ ಟ್ರಾನ್ಸ್‌ಫರ್ ಸ್ವಿಚ್ ಹಾಕಿ. ಬ್ಯಾಟರಿ ಚಾರ್ಜರನ್ನು ಹೊರಗಿನ ಕರೆಂಟಿನ ಕಡೆಯೇ ಬಿಡಿ. ಅದು ಇನ್ವರ್ಟರಿನ ಕಡೆ ಉಳಿದರೆ ಬ್ಯಾಟರಿಯಿಂದ ತೆಗೆದು ಅದೇ ಬ್ಯಾಟರಿಗೆ ತುಂಬುತ್ತಾ, ನಡುವೆ ಸೋರಿಸುತ್ತಾ, ಬರಿದಾಗಿಸುತ್ತದೆ. ಇನ್ವರ್ಟರಿನಲ್ಲಿ ನಡೆಯುವಾಗ ಆರ್‌ಸಿಡಿ (ಕರೆಂಟ್ ಸೋರಿದರೆ ಕೂಡಲೇ ಕತ್ತರಿಸುವ ರಕ್ಷಣಾ ಸ್ವಿಚ್) ಕೆಲಸ ಮಾಡಬೇಕಾದರೆ ನ್ಯೂಟ್ರಲ್ ಮತ್ತು ಅರ್ತ್ ಇನ್ವರ್ಟರಿನಲ್ಲಿ ಒಂದಾಗಿರಬೇಕು, ಹೊರಗಿನ ಕರೆಂಟಿಗೆ ಹೋದಾಗ ಬೇರ್ಪಡಬೇಕು. ಒಳ್ಳೆಯ ಮಾದರಿಗಳಲ್ಲಿ ಇದಕ್ಕೆ ರಿಲೇ ಇರುತ್ತದೆ. ಕೆಲವು ಸಣ್ಣ ಇನ್ವರ್ಟರುಗಳಲ್ಲಿ ಎರಡೂ ತಂತಿಗಳು ಅರ್ಧರ್ಧ ವೋಲ್ಟೇಜ್ ಹೊತ್ತಿರುತ್ತವೆ. ಅಂಥದ್ದರ ನ್ಯೂಟ್ರಲ್ ಅನ್ನು ಅರ್ತಿಗೆ ಸೇರಿಸಿದರೆ ಇನ್ವರ್ಟರ್ ಸುಟ್ಟುಹೋಗುತ್ತದೆ. ಕೈಪಿಡಿಯಲ್ಲಿ ಇದು ಸ್ಪಷ್ಟವಾಗದಿದ್ದರೆ ಈ ಭಾಗವನ್ನು ಎಲೆಕ್ಟ್ರಿಷಿಯನ್ನಿಗೆ ಬಿಡಿ.

ಎಲ್ಲ ಮುಗಿದ ಮೇಲೆ ಮೊದಲು ಸಣ್ಣ ಲೋಡು, ಆಮೇಲೆ ದೊಡ್ಡದು. ದೊಡ್ಡದನ್ನು ಹತ್ತು ನಿಮಿಷ ನಡೆಸಿ, ಬ್ಯಾಟರಿ ತುದಿಯ ವೋಲ್ಟೇಜನ್ನೂ ಇನ್ವರ್ಟರ್ ತುದಿಯದನ್ನೂ ಅಳೆಯಿರಿ. ವ್ಯತ್ಯಾಸ 0.3 ವೋಲ್ಟ್ ದಾಟಿದರೆ ಪ್ರತಿ ಜೋಡಣೆಯ ಎರಡು ಬದಿಗೆ ಮೀಟರಿನ ಕಡ್ಡಿ ಇಟ್ಟು ಯಾವುದು ಹೆಚ್ಚು ತಿನ್ನುತ್ತಿದೆ ಎಂದು ಹುಡುಕಿ. ಲೋಡು ತೆಗೆದ ಮೇಲೆ ಫ್ಯೂಸಿನ ಬುಡ, ಲಗ್ಗುಗಳನ್ನು ಮುಟ್ಟಿ ನೋಡಿ: ಕೈ ಇಡಲಾಗದಷ್ಟು ಬಿಸಿಯಿದ್ದರೆ ಬಿಚ್ಚಿ ಮತ್ತೆ ಮಾಡಿ. ಒಂದು ತಿಂಗಳ ಓಡಾಟದ ನಂತರ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿಯಿರಿ. ಏನೂ ಓಡದಿದ್ದಾಗಲೂ ದೊಡ್ಡ ಇನ್ವರ್ಟರ್ ಒಂದೂಕಾಲು ಆಂಪಿಯರಿನಷ್ಟು ಕುಡಿಯುತ್ತಿದ್ದರೆ ದಿನಕ್ಕೆ 30 ಆಂಪಿಯರ್-ಅವರ್ ಹೋಯಿತು. ಅದಕ್ಕೇ ರಿಮೋಟ್ ಸ್ವಿಚ್ಚನ್ನು ಮಲಗುವ ಜಾಗದಿಂದ ಕೈಗೆ ಎಟುಕುವ ಕಡೆ ಹಾಕಿಸಿಕೊಳ್ಳಿ.